ಅಂಗಮಾರಿ ತಡೆಯುವ ಭತ್ತದ ಬೀಜ ಹಳ್ಳಿಗೆ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಗಂಗಾವತಿ ಕಡೆ ಮಳೆಗಾಳಿ ಹೊಡೆದರೆ ಸಾಕು, ಭತ್ತದ ಎಲೆ ತುದಿಯಿಂದ ಹಳದಿಯಾಗಿ ಒಣಗುತ್ತಾ ಬರುತ್ತದೆ. ಇದು ದುಂಡಾಣು ಎಲೆ ಅಂಗಮಾರಿ. ಅನುಮಾನವಿದ್ದರೆ ಎಲೆ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೊಯ್ದ ಜಾಗದಿಂದ ಹಾಲಿನ ಬಣ್ಣದ ದ್ರವ ಇಳಿಯುತ್ತದೆ. ಅದರ ತುಂಬ ದುಂಡಾಣುಗಳೇ. ಇದಕ್ಕೆ ಶಿಲೀಂಧ್ರದಿಂದ ಬರುವ ಬೆಂಕಿ ರೋಗದ ಔಷಧಿ ಹೊಡೆದು ರೈತರು ದುಡ್ಡು ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು, ಮನೆಯಲ್ಲಿ ಗದ್ದೆಯೂ ಇದೆ.

ಈ ದುಂಡಾಣುವಿನ ಹೆಸರು ಜಾಂಥೊಮೊನಾಸ್ ಒರೈಝೆ. ಎಲೆ ಅಂಚಿನ ಸಣ್ಣ ರಂಧ್ರಗಳಿಂದ, ಗಾಯಗಳಿಂದ ಒಳಗೆ ಸೇರುತ್ತದೆ. ಆಮೇಲೆ ಸೂಜಿಯಂತಹ ಕೊಳವೆಯಿಂದ ತನ್ನ ಪ್ರೋಟೀನುಗಳನ್ನು ಭತ್ತದ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಅದರಲ್ಲಿ ‘ಟಾಲ್’ ಎಂಬ ಗುಂಪಿನವು ಕೋಶಕೇಂದ್ರಕ್ಕೇ ಹೋಗಿ, ಭತ್ತದ ಡಿಎನ್‌ಎ ಮೇಲೆ ತಮಗೆ ಬೇಕಾದ ಜಾಗ ಹುಡುಕಿ ಕೂರುತ್ತವೆ. ಆಗ ಸಕ್ಕರೆ ಹೊರಬಿಡುವ ‘ಸ್ವೀಟ್’ ಜೀನು ಚಾಲೂ ಆಗುತ್ತದೆ. ಕಾಳಿಗೆ ಹೋಗಬೇಕಾದ ಸಕ್ಕರೆಯನ್ನು ಗಿಡ ತಾನೇ ಶತ್ರುವಿಗೆ ಬಡಿಸುತ್ತದೆ. ಎಂಥ ಕುತಂತ್ರ, ಅಲ್ವಾ?

ಕೆಲವು ತಳಿಗಳಲ್ಲಿ ಆ ಕೂರುವ ಜಾಗವೇ ಬದಲಾಗಿದೆ. ಹೀಗೆ ಬದಲಾದ ಜೀನಿಗೆ ಎಕ್ಸ್‌ಎ 13 ಅಂತಾರೆ. ಪ್ರೋಟೀನು ಒಳಗೆ ಬಂದರೂ ಅದಕ್ಕೆ ಹಿಡಿತ ಸಿಗುವುದಿಲ್ಲ. ಆದರೆ ದುಂಡಾಣುವಿನ ಕೆಲವು ಬಗೆಗಳು ಇನ್ನೊಂದು ಸ್ವೀಟ್ ಜೀನನ್ನು ಎಬ್ಬಿಸುತ್ತವೆ. ಹಾಗಾಗಿ ಒಂದೇ ಜೀನು ನಂಬಿದರೆ ಸಾಲದು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಸಿಸಿಎಂಬಿ (ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ) ವಿಜ್ಞಾನಿಗಳು ಎಕ್ಸ್‌ಎ 13ರ ಜೊತೆ ಇನ್ನೂ ಎರಡು ನಿರೋಧಕ ಜೀನುಗಳನ್ನು ಸೇರಿಸಿ, ನಾವು ಬಿಪಿಟಿ 5204 ಎನ್ನುವ ಸಾಂಬಾ ಮಸೂರಿಯನ್ನೇ ಗಟ್ಟಿ ಮಾಡಿದರು. ‘ಇಂಪ್ರೂವ್ಡ್ ಸಾಂಬಾ ಮಸೂರಿ’ 2008ರಲ್ಲೇ ಬಿಡುಗಡೆಯಾಗಿದೆ. ಇದು ಕುಲಾಂತರಿ ಅಲ್ಲ, ತಳಿ ಸಂಕರದಿಂದ ಬಂದದ್ದು.

ಆದರೆ ನಮ್ಮೂರಿನಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಮುಂಗಾರಿನ ಸಸಿ ಮಡಿಗೆ ಮೊದಲೇ ಇಂಥ ಬೀಜ ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಗುವಂತೆ ಕೃಷಿ ಇಲಾಖೆ ನೋಡಿಕೊಳ್ಳಬೇಕು. ನಾಟಿ ಮಾಡುವಾಗ ಸಸಿಯ ತುದಿ ಕತ್ತರಿಸಬಾರದು, ಯೂರಿಯಾ ಜಾಸ್ತಿ ಹಾಕಬಾರದು, ರೋಗದ ಗದ್ದೆಯ ನೀರನ್ನು ಪಕ್ಕದ ಗದ್ದೆಗೆ ಬಿಡಬಾರದು ಎಂಬುದನ್ನೂ ಊರೂರಿಗೆ ಹೋಗಿ ಹೇಳಬೇಕು. ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲೂ ದಯವಿಟ್ಟು ಈ ತಳಿಯ ಬಗ್ಗೆ ಬರೆಯಿರಿ.

– ಜೀವಶಾಸ್ತ್ರ ಉಪನ್ಯಾಸಕ, ಗಂಗಾವತಿ