ಮಗಳಿಗೊಂದು ಪತ್ರ: ಸಹಿ ನಿನ್ನದೇ ಇರಲಿ

ಪ್ರೀತಿಯ ಪುಟ್ಟಿ,

ಮೈಸೂರು ತಲುಪಿದೆ ಅಂತ ಅಮ್ಮನಿಗೆ ಫೋನ್ ಮಾಡಿದೆಯಂತೆ. ಅಪ್ಪನಿಗೆ ಕೊಡು ಅನ್ನಲಿಲ್ಲ. ಇರಲಿ. ಶನಿವಾರ ರಾತ್ರಿ ನಿನ್ನ ಹಳೇ ಪಾಸ್‌ಬುಕ್ ಕೈಗೆ ಸಿಕ್ಕಿ, ಹೊಸ ಬ್ಯಾಂಕ್ ಖಾತೆ ನೀನೇ ತೆರೆಯುತ್ತೇನೆ ಅಂದಾಗ ನಾನು ಬೇಡ ಅಂದು ಆದ ಜಗಳವನ್ನು ಮತ್ತೆ ಬರೆಯುವುದಿಲ್ಲ. ಭಾನುವಾರ, ನಮ್ಮ ಕೊಡಗಿನಲ್ಲಿ ವರ್ಷಕ್ಕೊಮ್ಮೆ ಮಾಡುವ ಮದ್ದುಸೊಪ್ಪಿನ ಪಾಯಸ ಮುಟ್ಟದೆ ಬಸ್ಸು ಹತ್ತಿದೆಯಲ್ಲ, ಅದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ನಿನ್ನ ಬಟ್ಟಲನ್ನು ಅಮ್ಮ ಸಂಜೆವರೆಗೂ ತೆಗೆಯಲಿಲ್ಲ.

'ಸಹಿ ನಿಮ್ದು, ದುಡ್ಡು ನಂದು ಅಲ್ವಾ ಅಪ್ಪ?' ಅಂದೆ. ಹೌದು. ಅವತ್ತು ನನ್ನ ಬಾಯಿಂದ ಬರಬೇಕಿದ್ದ ಉತ್ತರ ಇದೇ. ನಾನು ದನಿ ಎತ್ತಿದೆ. ತಪ್ಪು ನನ್ನದು.

ಅದು 2018ರ ಸೆಪ್ಟೆಂಬರ್. ಆಗಸ್ಟ್ ಮಳೆಗೆ ಗುಡ್ಡ ಜರಿದು ರಸ್ತೆ ಹೋಗಿತ್ತು. ಗಿಡದಲ್ಲಿದ್ದ ಕಾಫಿ ಕಾಯಿ ಕಪ್ಪಾಗಿ ಉದುರಿತ್ತು. ಆಳುಗಳಿಗೆ ಎರಡು ವಾರದ ಕೂಲಿ ಬಾಕಿ. ಕೈಯಲ್ಲಿ ಏನೂ ಇರಲಿಲ್ಲ. ನಿನ್ನ ಖಾತೆಯಲ್ಲಿ 8,600 ರೂಪಾಯಿ ಇತ್ತು. ಕುಯ್ಲು ಮುಗಿದ ಮೇಲೆ ಅಜ್ಜಿ ಜೊತೆ ಗಿಡದ ಬುಡದಲ್ಲಿ ಕೂತು ಉದುರು ಕಾಫಿ ಹೆಕ್ಕಿ, ಒಣಗಿಸಿ, ಮಾರಿ ಕೂಡಿಸಿದ ದುಡ್ಡು. ಯಾರೋ ಕೊಟ್ಟ ಉಡುಗೊರೆ ಅಲ್ಲ, ನಿನ್ನ ದುಡಿಮೆ.

ಸುಂಟಿಕೊಪ್ಪಕ್ಕೆ ಜೀಪಿನಲ್ಲಿ ಹೋದೆವು. ನಿನಗೆ 9 ವರ್ಷ. ಬ್ಯಾಂಕಿನ ಬೆಂಚಿನ ಮೇಲೆ ಕೂತಿದ್ದೆ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನೀಲಿ ರೇನ್‌ಕೋಟಿನಿಂದ ನೀರು ತೊಟ್ಟಿಕ್ಕಿ ಕೆಳಗೆ ಸಣ್ಣ ಮಡು ಆಗಿತ್ತು. ನಾನು ಚೀಟಿ ತುಂಬಿಸಿದೆ. ಖಾತೆದಾರರ ಹೆಸರಿನ ಜಾಗದಲ್ಲಿ ನಿನ್ನ ಹೆಸರು. ಕೆಳಗೆ, ತಂದೆ ಮತ್ತು ಪೋಷಕ ಅಂತ ನನ್ನ ಸಹಿ. ಕ್ಯಾಷಿಯರ್ ಏನೂ ಕೇಳಲಿಲ್ಲ, ಎಣಿಸಿ ಕೊಟ್ಟರು. ಹೊರಗೆ ಬಂದಾಗ ನೀನು ಕೇಳಿದೆ, 'ಅಪ್ಪ, ಈಗ ಎಷ್ಟಾಯ್ತು?' ನಾನು 'ಜಾಸ್ತಿ ಆಗಿದೆ ಮಗಳೇ' ಅಂದೆ. ನೀನು ನಕ್ಕೆ. ಬೇಕರಿಯಲ್ಲಿ ಬನ್ ಕೊಡಿಸಿದೆ. ಅದನ್ನೂ ನಿನ್ನ ದುಡ್ಡಲ್ಲೇ.

ದುಡ್ಡು ತೆಗೆದದ್ದಕ್ಕೆ ಕಾರಣ ಇತ್ತು. ಆ ಮಾತಿಗೆ ಕಾರಣ ಇರಲಿಲ್ಲ. 'ಕಷ್ಟ ಇದೆ, ನಿನ್ನ ದುಡ್ಡು ಸಾಲ ಕೊಡ್ತೀಯಾ?' ಅಂದಿದ್ದರೆ ಕೊಡುತ್ತಿದ್ದೆ, ನೀನು ಅಂಥವಳೇ. ಬರುವ ಕುಯ್ಲಿಗೆ ವಾಪಸ್ ಹಾಕೋಣ ಅಂದುಕೊಂಡೆ. ಆ ಕುಯ್ಲಿನ ದುಡ್ಡು ಗೊಬ್ಬರಕ್ಕೆ ಹೋಯಿತು. ಮುಂದಿನ ವರ್ಷ ಮತ್ತೆ ಅದೇ ಮಳೆ. ಆಮೇಲೆ ಪಾಸ್‌ಬುಕ್ ಟ್ರಂಕಿನ ತಳ ಸೇರಿತು. ನಿನ್ನ ಕಣ್ಣಿಗೆ ಬೀಳದಿರಲಿ ಅಂತ ನಾನೇ ಇಟ್ಟದ್ದು. ಈಗಲೂ ಕಣ್ಣು ಮುಚ್ಚಿದರೆ ಆ ಬೆಂಚು, ಆ ನೀರು, 'ಜಾಸ್ತಿ ಆಗಿದೆ' ಅಂದ ನನ್ನ ದನಿ.

ಇನ್ನು ಹೊಸ ಖಾತೆ ವಿಷಯ. ನಾನು ಬೇಡ ಅಂದದ್ದು ತಪ್ಪು. 10 ವರ್ಷ ತುಂಬಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಬಹುದು ಅಂತ 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಮತ್ತೆ ಸ್ಪಷ್ಟವಾಗಿ ಹೇಳಿದೆ. ಎಷ್ಟು ದುಡ್ಡಿನವರೆಗೆ, ಕಾರ್ಡು ಕೊಡಬೇಕೋ ಬೇಡವೋ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ನಿನಗೆ 16. ನೀನೇ ಎರಡು ಬ್ಯಾಂಕಿಗೆ ಹೋಗಿ ವಿಚಾರಿಸಿಕೊಂಡು ಬಂದೆ ಅಂತ ಅಮ್ಮ ಹೇಳಿದಾಗ ನನಗೆ ಹೆಮ್ಮೆ ಆಯಿತು. ಆ ವಯಸ್ಸಲ್ಲಿ ನಾನು ಬ್ಯಾಂಕಿನ ಬಾಗಿಲು ದಾಟಲೂ ಹೆದರುತ್ತಿದ್ದೆ.

ಆರಿಸುವಾಗ ಆ್ಯಪಿನ ಬಣ್ಣ, ಕಾರ್ಡಿನ ಚಿತ್ರ ನೋಡಬೇಡ. ಮಿನಿಮಮ್ ಬ್ಯಾಲೆನ್ಸ್ ಎಷ್ಟು, ಕಮ್ಮಿಯಾದರೆ ದಂಡ ಎಷ್ಟು, ಕಾರ್ಡಿಗೆ ವರ್ಷಕ್ಕೆ ಎಷ್ಟು ಹಿಡಿಯುತ್ತಾರೆ, ಹಾಸ್ಟೆಲಿನಿಂದ ನಡೆದು ಹೋಗುವಷ್ಟು ಹತ್ತಿರ ಇದೆಯಾ ಕೇಳು. ಮಿನಿಮಮ್ ಬ್ಯಾಲೆನ್ಸ್ ಬೇಡದ ಬೇಸಿಕ್ ಉಳಿತಾಯ ಖಾತೆಯೂ ಇದೆ, ಕೇಳದಿದ್ದರೆ ಅವರಾಗಿ ಹೇಳುವುದು ಕಮ್ಮಿ. ಪೋಸ್ಟ್ ಆಫೀಸಿನಲ್ಲಿ 500 ರೂಪಾಯಿ ಇದ್ದರೆ ಸಾಕು, ಬಡ್ಡಿ ಶೇಕಡಾ 4. ಪಿನ್ ಯಾರಿಗೂ ಬೇಡ, ಗೆಳತಿಗೂ ಬೇಡ, ನನಗೂ ಬೇಡ. ದುಡ್ಡು ಬರಲು ಪಿನ್ ಹಾಕಬೇಕಾಗಿಲ್ಲ. ಹಾಕು ಅಂದವನು ಕಳ್ಳ.

ಇನ್ನೊಂದು. 'ನಿನ್ನ ಖಾತೆಗೆ ದುಡ್ಡು ಹಾಕ್ತೀವಿ, ತೆಗೆದು ಕೊಡು, ಕಮಿಷನ್ ಇಟ್ಕೋ' ಅಂತ ಕಾಲೇಜು ಮಕ್ಕಳನ್ನು ಹಿಡಿಯುವವರಿದ್ದಾರೆ. ಅದು ಮೋಸದ ದುಡ್ಡು. ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ. ಯಾರು ಕೇಳಿದರೂ, ಎಷ್ಟು ಪ್ರೀತಿಯಿಂದ ಕೇಳಿದರೂ ಖಾತೆ ಕೊಡಬೇಡ. ಏನಾದರೂ ಎಡವಟ್ಟಾದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬೈತಾರೆ ಅಂತ ನನ್ನಿಂದ ಮುಚ್ಚಿಡಬೇಡ. ಮುಚ್ಚಿಡಬೇಡ ಅನ್ನಲು ನನಗೇನು ಹಕ್ಕು ಅಂತ ನೀನು ಕೇಳಬಹುದು. ಆದರೂ ಹೇಳುತ್ತೇನೆ, ಹೆದರಿಕೆ ಆಗುತ್ತದೆ.

ಇಟ್ಟಿದ್ದ ಕಾಳುಮೆಣಸಿನಲ್ಲಿ ಸ್ವಲ್ಪ ಮಾರಿದೆ. 8,600ಕ್ಕೆ ಶೇಕಡಾ 4ರಂತೆ 7 ವರ್ಷಕ್ಕೆ ಚಕ್ರಬಡ್ಡಿ ಲೆಕ್ಕ ಹಾಕಿದರೆ 11,317 ಆಗುತ್ತದೆ. ಖಾತೆ ಆದ ಮೇಲೆ ನಂಬರ್ ಅಮ್ಮನಿಗೆ ಹೇಳು, ಅವತ್ತೇ ಹಾಕುತ್ತೇನೆ. ಫಾರಂನಲ್ಲಿ ನಿನ್ನ ಸಹಿ ಒಂದೇ ಸಾಕಾಗುವ ಖಾತೆಯನ್ನೇ ಕೇಳು. ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೆರಾಕ್ಸ್, ಎರಡು ಫೋಟೋ ಈ ಕವರಿನಲ್ಲಿವೆ.

ಹಳೇ ಪಾಸ್‌ಬುಕ್ ನೀನು ಮೇಜಿನ ಮೇಲೆ ಬಿಟ್ಟು ಹೋದಲ್ಲೇ ಇದೆ. ಎತ್ತಿಡಲಿಲ್ಲ. ದಸರಾ ರಜೆಗೆ ಬರುವಾಗ ಹೊಸದನ್ನು ತಾ. ನನಗೆ ತೋರಿಸಲೇಬೇಕು ಅಂತಿಲ್ಲ.

ನಿನ್ನ
ಅಪ್ಪ