ಆಟಗಾರ ಕ್ಲಬ್ ಬಿಟ್ಟರೆ ದೂರು ಕೋಚ್ ಮೇಲೇಕೆ?

ಮಾನ್ಯ ಸಂಪಾದಕರೇ,

ಬೆಂಗಳೂರು ಎಫ್‌ಸಿ ತಂಡದಿಂದ ಒಬ್ಬ ಆಟಗಾರ ಹೊರನಡೆದ ಸುದ್ದಿ ಬಂದರೆ ಸಾಕು, ನಮ್ಮ ಊರಿನ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವ ಮಾತು ‘ಕೋಚ್ ಓಡಿಸಿದ’ ಎಂಬುದು. ಮೊನ್ನೆ ಮೆಗ್ರಾತ್ ರಸ್ತೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯವೊಂದನ್ನು ನೋಡಿ ಹೊರಬಂದು, ಹತ್ತಿರದ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾಗ, ನೀಲಿ ಜೆರ್ಸಿ ತೊಟ್ಟ ಇಬ್ಬರು ಹುಡುಗರ ನಡುವೆ ಇದೇ ಜಗಳ ನಡೆದಿತ್ತು. ‘ಬೆಂಚ್ ಮೇಲೆ ಕೂರಿಸಿದ್ರೆ ಯಾವನು ಇರ್ತಾನೆ ಮಗಾ?’ ಎಂದು ಒಬ್ಬ ಕೇಳಿದರೆ, ‘ಅವ್ರು ದುಡ್ಡು ಜಾಸ್ತಿ ಕೊಟ್ರು, ಹೋದ, ಅಷ್ಟೆ’ ಎಂದು ಇನ್ನೊಬ್ಬ ಪಟ್ಟು ಬಿಡದೆ ಹೇಳುತ್ತಿದ್ದ. ಕೊನೆಗೆ ನನ್ನ ನರೆತ ತಲೆಯನ್ನು ಕಂಡು, ‘ಅಂಕಲ್, ನೀವೇ ಹೇಳಿ’ ಎಂದು ಪಂಚಾಯ್ತಿಗೆ ಕರೆದರು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲವಾದ್ದರಿಂದ ನಕ್ಕು ಸುಮ್ಮನಾದೆ. ಅಂದು ಹೇಳದೆ ಉಳಿದದ್ದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಅವಕಾಶ ಕೋರುತ್ತೇನೆ.

ಎಂಬತ್ತರ ದಶಕದಲ್ಲಿ ನಾನು ಈ ನಗರದ ಲೀಗ್‌ನ ಕೆಳ ಹಂತದ ತಂಡವೊಂದಕ್ಕೆ ಆಡುತ್ತಿದ್ದೆ. ನಮ್ಮ ತಂಡಕ್ಕೆ ಗೌತಮಪುರದ ಹುಡುಗನೊಬ್ಬ ಸೆಂಟರ್ ಫಾರ್ವರ್ಡ್ ಆಗಿದ್ದ. ಇಂದು ಪೆಲೆಯ ಪ್ರತಿಮೆ ನಿಂತಿರುವ ಅದೇ ಗೌತಮಪುರ. ಎರಡು ವರ್ಷ ಅವನ ಕಾಲಿನಿಂದಲೇ ನಾವು ಬದುಕಿದೆವು. ಮೂರನೆಯ ವರ್ಷ, ಲೀಗ್ ಶುರುವಾಗಲು ಕೆಲವೇ ದಿನಗಳಿರುವಾಗ, ಅವನು ಕಾರ್ಖಾನೆಯೊಂದರ ತಂಡಕ್ಕೆ ಸಹಿ ಹಾಕಿಬಿಟ್ಟ. ಸೇನೆಯಿಂದ ನಿವೃತ್ತರಾಗಿ ಬಂದಿದ್ದ ನಮ್ಮ ಕೋಚ್ ಅವನನ್ನು ಮಾರಿಕೊಂಡರೆಂದು ಇಡೀ ಕೇರಿ ತೀರ್ಮಾನಿಸಿತು. ಮೊದಲ ಪಂದ್ಯ ಸೋತ ದಿನ ಗೆರೆಯಾಚೆ ನಿಂತ ಜನ ಅವರ ಮುಖದೆದುರೇ ಅದನ್ನು ಕೂಗಿ ಹೇಳಿದರು. ಅವರು ಬಲೆಚೀಲದಲ್ಲಿ ಚೆಂಡುಗಳನ್ನು ಒಂದೊಂದಾಗಿ ತುಂಬುತ್ತಿದ್ದರು, ತಲೆಯೆತ್ತಿಯೂ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಗೆಳೆಯನ ಮನೆಯ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ನಿಜ ಸಂಗತಿ ತಿಳಿಯಿತು. ಕ್ರೀಡಾ ಕೋಟಾದ ಕಾಯಂ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವರೇ ಆ ಕೋಚ್. ಟ್ರಯಲ್ಸ್ ದಿನ ಕಾರ್ಖಾನೆಯ ಗೇಟಿನ ಹೊರಗೆ ಬೆಳಗಿನಿಂದ ಸಂಜೆಯವರೆಗೆ ಕಾದು ನಿಂತವರೂ ಅವರೇ. ಅವನ ತಾಯಿಗೆ ಕಾರ್ಖಾನೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬುದು ಅವರ ಲೆಕ್ಕವಾಗಿತ್ತು, ತಂಡದ ಗೋಲಿನ ಲೆಕ್ಕ ಆ ಮೇಲಿನದು.

ಆ ಕಾಲದಲ್ಲಿ ಬೆಂಗಳೂರಿನ ಆಟಗಾರ ತಂಡ ಬದಲಿಸುತ್ತಿದ್ದುದೇ ಕೆಲಸಕ್ಕಾಗಿ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಿಗೆ ಸೇರಿದವನಿಗೆ ಆಟ ನಿಂತ ಮೇಲೂ ಸಂಬಳ ಬರುತ್ತಿತ್ತು. ಈಗ ಆ ಜಾಗದಲ್ಲಿ ಒಪ್ಪಂದಪತ್ರ ಬಂದು ಕುಳಿತಿದೆ. ಫಿಫಾ ನಿಯಮದಂತೆ ವೃತ್ತಿಪರ ಆಟಗಾರನ ಒಪ್ಪಂದ ಸಾಮಾನ್ಯವಾಗಿ ಐದು ವರ್ಷ ಮೀರುವಂತಿಲ್ಲ. ಅದರ ಕೊನೆಯ 6 ತಿಂಗಳಲ್ಲಿ ಅವನು ಬೇರೆ ಕ್ಲಬ್‌ನೊಂದಿಗೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕಲು ಸ್ವತಂತ್ರ. ಅವಧಿ ಮುಗಿದ ಆಟಗಾರ ಹೋಗುವಾಗ ಹಳೆಯ ಕ್ಲಬ್‌ಗೆ ಹಣ ತೆರಬೇಕಿಲ್ಲ ಎಂಬುದು 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೋಸ್ಮನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಗಟ್ಟಿಯಾದ ಸಂಗತಿ. ಹೀಗಿರುವಾಗ, ಮೇ ತಿಂಗಳಲ್ಲಿ ನಾವು ಓದುವ ‘ತಂಡ ತೊರೆದ’ ಎಂಬ ಸುದ್ದಿ ಎಷ್ಟೋ ಸಲ ಜನವರಿಯಲ್ಲೇ ತೀರ್ಮಾನವಾಗಿರುತ್ತದೆ. ಏಪ್ರಿಲ್‌ನ ಪಂದ್ಯದಲ್ಲಿ ಕೋಚ್ ಅವನನ್ನು ಹೊರಗಿಟ್ಟದ್ದೇ ಕಾರಣವೆಂದು ನಾವು ಆಮೇಲೆ ಕಾರಣ ಕಟ್ಟುತ್ತೇವೆ. ಆದರೆ ಹೋಗುವುದು ಖಚಿತವಾದವನನ್ನು ಬಿಟ್ಟು ಉಳಿಯುವವನನ್ನು ಆಡಿಸಿರಲೂಬಹುದಲ್ಲವೇ?

ನಮ್ಮದೇ ತಂಡದ ಇತಿಹಾಸದಲ್ಲಿ ಇದಕ್ಕೆ 2017ಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗನ್ ವಿರುದ್ಧದ ಫೈನಲ್‌ನಲ್ಲಿ ಸಿ.ಕೆ. ವಿನೀತ್ ಎರಡೂ ಗೋಲು ಹೊಡೆದು ಫೆಡರೇಷನ್ ಕಪ್ ತಂದುಕೊಟ್ಟರು. ಬೇಸಿಗೆ ಕಳೆಯುವಷ್ಟರಲ್ಲಿ ವಿನೀತ್ ಕೇರಳ ಬ್ಲಾಸ್ಟರ್ಸ್ ಪಾಲಾಗಿದ್ದರು. ನಡುಮೈದಾನದ ಮಾಂತ್ರಿಕ ಯೂಜೆನ್ಸನ್ ಲಿಂಗ್ಡೊ 1.10 ಕೋಟಿ ರೂಪಾಯಿಗೆ ಕೋಲ್ಕತ್ತದ ಎಟಿಕೆ ಸೇರಿದ್ದರು. ಇದರಲ್ಲಿ ಆಗಿನ ಕೋಚ್, ಸ್ಪೇನ್‌ನ ಆಲ್ಬರ್ಟ್ ರೋಕಾ ಏನು ಮಾಡಿದ್ದರು? ಅವರು 2016ರಲ್ಲಿ ಇದೇ ತಂಡವನ್ನು ದೋಹಾದಲ್ಲಿ ನಡೆದ, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದಿದ್ದವರು. ಕ್ಲಬ್ ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್‌ಗೆ ಹೋದಾಗ ಉಳಿಸಿಕೊಳ್ಳಬಹುದಾದ ಹಿರಿಯ ಆಟಗಾರರ ಸಂಖ್ಯೆಗೆ ಮಿತಿ ಹಾಕಲಾಗಿತ್ತು. ಸುನಿಲ್ ಚೆಟ್ರಿ ಮತ್ತು ಉದಾಂತ ಸಿಂಗ್ ಉಳಿದರು, ಮಿಕ್ಕವರಲ್ಲಿ ಹಲವರು ಕ್ಲಬ್‌ಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೇಜಿಗೆ ಹೋದರು. ಆದರೂ ಅಂದು ಕಂಠೀರವದ ಪಶ್ಚಿಮದ ಗ್ಯಾಲರಿಯ ಸುತ್ತಮುತ್ತ ‘ಸ್ಪೇನ್‌ನವನಿಗೆ ನಮ್ಮ ಹುಡುಗರು ಬೇಡವಾದರು’ ಎಂಬ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಅದೇ ಡ್ರಾಫ್ಟ್‌ನಲ್ಲಿ ಬಂದ ರಾಹುಲ್ ಭೇಕೆ, ಹರ್ಮನ್‌ಜೋತ್ ಖಾಬ್ರಾ, ಲೆನಿ ರಾಡ್ರಿಗಸ್ ಅವರನ್ನು ಕಟ್ಟಿಕೊಂಡು ರೋಕಾ ಆ ಋತುವಿನ ಲೀಗ್ ಹಂತದಲ್ಲಿ 40 ಅಂಕಗಳೊಂದಿಗೆ ಅಗ್ರಸ್ಥಾನ ಪಡೆದಾಗ ಆ ಮಾತು ಆಡಿದವರು ಅದನ್ನು ಹಿಂದಕ್ಕೆ ಪಡೆದದ್ದು ಮಾತ್ರ ಕೇಳಲಿಲ್ಲ.

2019ರಲ್ಲಿ ಮಿಕು ಹೋದ ಸಂಗತಿ ಇಷ್ಟು ಸರಳವಲ್ಲ. ಮೊದಲ ಋತುವಿನಲ್ಲೇ 15 ಗೋಲು ಹೊಡೆದಿದ್ದ ಆ ವೆನೆಜುವೆಲಾದ ಆಟಗಾರ, ಕಾರ್ಲೆಸ್ ಕ್ವಾದ್ರಾತ್ ಅವರ ಕೈಕೆಳಗೆ ತಂಡ ಲೀಗ್ ಕಿರೀಟ ಗೆದ್ದ ಬೆನ್ನಲ್ಲೇ ಹೊರಟುಹೋದರು. ಅವರ ಜಾಗ ತುಂಬುವ ಗೋಲುಗಾರ ಮುಂದಿನ ಋತುವಿನಲ್ಲಿ ಸಿಗಲಿಲ್ಲ, ಗೋಲಿನ ಬರ ಕಾಡಿತು. ಇಲ್ಲಿ ಅಭಿಮಾನಿಗಳು ಕೇಳಬೇಕಾದ ಪ್ರಶ್ನೆ ಎರಡು: ಹೋದದ್ದು ಯಾರಿಂದ ಎಂಬುದೊಂದು, ಬದಲಿಗೆ ಬಂದವರನ್ನು ಆರಿಸಿದ್ದು ಯಾರು ಎಂಬುದಿನ್ನೊಂದು. ಮೊದಲನೆಯದಕ್ಕೆ ಕೋಚ್ ಕಾರಣರಲ್ಲದಿದ್ದರೂ ಎರಡನೆಯದರಲ್ಲಿ ಅವರ ಮಾತಿಗೆ ತೂಕವಿರುತ್ತದೆ. ಕ್ವಾದ್ರಾತ್ ಅವರನ್ನು 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ನಂತರ, ಕ್ಲಬ್ ಕೈಬಿಟ್ಟಾಗ ಅವರ ಮೇಲೆ ಈ ಹಳೆಯ ಬಾಕಿಯೂ ಇತ್ತೆಂಬುದು ನನ್ನ ಅನಿಸಿಕೆ.

ಆ ಋತುವಿನಲ್ಲಿ ತಂಡ ಏಳನೆಯ ಸ್ಥಾನಕ್ಕೆ ಕುಸಿಯಿತು. 2021ರ ಬೇಸಿಗೆಯಲ್ಲಿ ಖಾಬ್ರಾ ಕೇರಳಕ್ಕೆ, ಸ್ಪೇನ್‌ನ ಡಿಫೆಂಡರ್ ಹುವಾನನ್ ಹೈದರಾಬಾದಿಗೆ, 2019ರ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ತಲೆಯಿಂದ ಗೋಲು ಹೊಡೆದು ಕಪ್ ತಂದಿದ್ದ ಭೇಕೆ ಮುಂಬೈಗೆ ಹೋದರು. ಆಗಷ್ಟೇ ಬಂದಿದ್ದ ಹೊಸ ಕೋಚ್ ಮಾರ್ಕೊ ಪೆಝಾಯೊಲಿ ಅವರ ತಲೆಗೆ ಇದನ್ನೆಲ್ಲ ಕಟ್ಟಿದವರು ಅನೇಕರು. ಅದೇ ಬೇಸಿಗೆಯಲ್ಲಿ ಮೈದಾನದಲ್ಲಿ ಏಕಕಾಲಕ್ಕೆ ಆಡಬಹುದಾದ ವಿದೇಶಿಯರ ಸಂಖ್ಯೆ ಐದರಿಂದ ನಾಲ್ಕಕ್ಕೆ ಇಳಿದಿತ್ತು. ಒಬ್ಬ ವಿದೇಶಿ ಡಿಫೆಂಡರ್‌ನನ್ನು ಇಟ್ಟುಕೊಳ್ಳುವುದೋ ಗೋಲುಗಾರನನ್ನೋ ಎಂಬ ಲೆಕ್ಕಾಚಾರ ಆಗ ಎಲ್ಲ ಕ್ಲಬ್‌ಗಳಲ್ಲೂ ಶುರುವಾಗಿತ್ತು. ಭೇಕೆಯಂತೂ 2024ರಲ್ಲಿ ಮರಳಿ ಬಂದರು. ಲಿಂಗ್ಡೊ ಕೂಡ ಹಿಂದೆ ಹಾಗೆಯೇ ಮರಳಿದ್ದರು. ಬಾಗಿಲು ಮುಚ್ಚಿಸಿಕೊಂಡು ಹೋದವರು ಅದೇ ಬಾಗಿಲು ತಟ್ಟುವುದು ಅಪರೂಪ.

ಇನ್ನು 2025. ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಆವೃತ್ತಿಯನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಅವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ನಾಲ್ಕೇ ತಿಂಗಳ ಹಿಂದೆ, ಏಪ್ರಿಲ್ 12ರಂದು, ಕೋಲ್ಕತ್ತದಲ್ಲಿ ಫೈನಲ್ ಆಡಿದ್ದ ತಂಡವಿದು. ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವನು ಅಂಥ ಹೊತ್ತಿನಲ್ಲಿ ಬೇರೆ ದಾರಿ ನೋಡಿಕೊಂಡರೆ, ಸ್ವತಃ ಸಂಬಳವಿಲ್ಲದೆ ಕುಳಿತ ಕೋಚ್ ಅವನನ್ನು ಓಡಿಸಿದರೆನ್ನಲು ಎಂಥ ಗಟ್ಟಿ ಎದೆ ಬೇಕು?

ಹಾಗೆಂದು ಕೋಚ್‌ಗಳನ್ನೆಲ್ಲ ದೋಷಮುಕ್ತರೆಂದು ಸಾರುವುದು ನನ್ನ ಉದ್ದೇಶವಲ್ಲ. ಮೇಲೆ ಹೇಳಿದ ಸೇನೆಯ ಕೋಚ್ ಹೋದ ಮೇಲೆ ಬಂದವರು, ಲೆಫ್ಟ್ ಹಾಫ್ ಆಗಿದ್ದ ನನ್ನನ್ನು ಒಂದು ಬೆಳಿಗ್ಗೆ ಡಿಫೆನ್ಸ್‌ಗೆ ಇಳಿಸಿದರು. ಅದಕ್ಕೆ ಕಾರಣವಿದ್ದಿರಬಹುದು, ನನ್ನ ವೇಗವೂ ಆಗ ತಗ್ಗಿತ್ತು. ಆದರೆ ಏಕೆ ಎಂದು ಅವರು ಹೇಳಲಿಲ್ಲ. ಮೂರು ವಾರ ಕಳೆದ ಮೇಲೆ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ; ಅದನ್ನೂ ನಾನು ಗೋಡೆಗೆ ಅಂಟಿಸಿದ ಹಾಳೆ ನೋಡಿಯೇ ತಿಳಿದುಕೊಂಡೆ. ಬೆಂಚಿನ ಮೇಲೆ ಕೂರುವುದನ್ನು ಆಟಗಾರ ಹೇಗೋ ತಡೆದುಕೊಳ್ಳುತ್ತಾನೆ, ನಾಳೆ ತನ್ನ ಸರದಿ ಬರಬಹುದೆಂಬ ಆಸೆ ಇರುತ್ತದೆ. ಕಾರಣ ಹೇಳದೆ ಕಡೆಗಣಿಸಿದರೆ ಆ ಆಸೆಗೆ ಜಾಗವಿಲ್ಲ. ಆ ವರ್ಷವೇ ನಾನು ತಂಡ ಬಿಟ್ಟೆ, ಹೆಚ್ಚು ಸಮಯ ಆಡಲೂ ಇಲ್ಲ. ಆದ್ದರಿಂದ ಕೋಚ್‌ನ ಪಾತ್ರವನ್ನು ಅಳೆಯಬೇಕೆಂದರೆ ನಾನು ನೋಡುವುದು ಮೂರೇ ಸಂಗತಿ: ಆ ಆಟಗಾರ ಎಷ್ಟು ನಿಮಿಷ ಆಡಿದ, ಯಾವ ಸ್ಥಾನದಲ್ಲಿ ಆಡಿದ, ಮತ್ತು ಅವನ ಜತೆ ಮಾತು ನಡೆದಿತ್ತೇ ಎಂಬುದು. ಮೊದಲ ಎರಡು ಗ್ಯಾಲರಿಯಲ್ಲಿ ಕೂತವರಿಗೂ ಕಾಣುತ್ತವೆ, ಮೂರನೆಯದು ಡ್ರೆಸ್ಸಿಂಗ್ ರೂಮಿನ ಒಳಗಿನದು.

ಹುಡುಗರಲ್ಲೊಬ್ಬ ದರ್ಶಿನಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನಲ್ಲಿದ್ದ ಅಲೆಕ್ಸ್ ಫರ್ಗ್ಯುಸನ್ ಅವರ ಹೆಸರನ್ನೂ ಎತ್ತಿದ. ಅವರು 2001ರಲ್ಲಿ ಡಿಫೆಂಡರ್ ಯಾಪ್ ಸ್ಟಾಮ್ ಅವರನ್ನು ಇಟಲಿಯ ಲಾಝಿಯೊಗೆ ಮಾರಿದರು, ಅದು ತಮ್ಮ ತಪ್ಪೆಂದು ಮುಂದೆ ತಾವೇ ಒಪ್ಪಿಕೊಂಡರು. ನಿಜವೇ. ಆದರೆ ಮ್ಯಾಂಚೆಸ್ಟರ್‌ನಲ್ಲಿ ಅವರದು ‘ಮ್ಯಾನೇಜರ್’ ಹುದ್ದೆ, ಕೊಳ್ಳುವ ಮಾರುವ ಅಧಿಕಾರ ಅವರ ಕೈಯಲ್ಲಿತ್ತು. ನಮ್ಮ ಕ್ಲಬ್‌ಗಳ ಮುಖ್ಯ ಕೋಚ್ ತಮಗೆ ಇಂಥವರು ಬೇಕು ಎಂದು ಕೇಳಬಲ್ಲರು. ಹಣದ ಮಾತು ಆಡುವುದು, ಒಪ್ಪಂದ ನವೀಕರಿಸುವುದು, ಬಿಡುವುದು ಆಡಳಿತದ ಕೆಲಸ. ಆಶ್ಲಿ ವೆಸ್ಟ್‌ವುಡ್ ಅವರಿಂದ ಹಿಡಿದು ಗೆರಾರ್ಡ್ ಝರಗೋಝಾ ಅವರವರೆಗೆ ಹನ್ನೆರಡು ವರ್ಷಗಳಲ್ಲಿ ಪೂರ್ಣಾವಧಿಯ ಆರು ಕೋಚ್‌ಗಳನ್ನು ಈ ತಂಡ ಕಂಡಿದೆ. ಒಂಬತ್ತು ವರ್ಷ ಇಲ್ಲಿದ್ದ ಉದಾಂತ 2023ರಲ್ಲಿ ಗೋವಾಕ್ಕೆ ಹೋದಾಗ ಬೈಗುಳ ತಿಂದ ಕೋಚ್ ಸೈಮನ್ ಗ್ರೇಸನ್ ಆ ಡಿಸೆಂಬರ್‌ನಲ್ಲಿ ತಾವೇ ಹುದ್ದೆಯಲ್ಲಿ ಇರಲಿಲ್ಲ. ಆಟಗಾರನೊಬ್ಬನ ಮೂರು ವರ್ಷದ ಒಪ್ಪಂದವನ್ನು ಒಂದೂವರೆ ವರ್ಷ ಇರುವ ಕೋಚ್ ನಿರ್ಧರಿಸುತ್ತಾರೆಂದು ನಂಬುವುದು ಕಷ್ಟ.

ಈ ಗೊಂದಲದಲ್ಲಿ ಪತ್ರಿಕೆಗಳ ಪಾಲೂ ಇದೆ ಎಂದು ವಿನಯದಿಂದ ಹೇಳಬಯಸುತ್ತೇನೆ. ಕ್ರಿಕೆಟ್ ಆಟಗಾರನೊಬ್ಬ ಹರಾಜಿನಲ್ಲಿ ಯಾವ ತಂಡಕ್ಕೆ ಎಷ್ಟು ಕೋಟಿಗೆ ಹೋದನೆಂಬುದನ್ನು ಪೈಸೆ ಬಿಡದೆ ಅಚ್ಚು ಹಾಕುವ ಕ್ರೀಡಾ ಪುಟಗಳು, ಫುಟ್‌ಬಾಲ್ ಆಟಗಾರ ಹೊರಟರೆ ಒಂದು ಕಾಲಮ್ಮಿನ ಮೂಲೆಯಲ್ಲಿ ‘ಕೋಚ್ ಜತೆ ಮುನಿಸು?’ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈತೊಳೆದುಕೊಳ್ಳುತ್ತವೆ. ಆ ಚಿಹ್ನೆಯ ಹಿಂದೆ ಪತ್ರಿಕೆ ಸುರಕ್ಷಿತವಾಗಿರುತ್ತದೆ, ಕೋಚ್ ಇರುವುದಿಲ್ಲ. ಇನ್ನು ಮುಂದೆ ಅಂಥ ಸುದ್ದಿ ಬರೆಯುವಾಗ ಆ ಆಟಗಾರನ ಒಪ್ಪಂದ ಯಾವ ತಿಂಗಳಿಗೆ ಮುಗಿಯುತ್ತಿತ್ತು, ಹೊಸ ಕ್ಲಬ್ ವರ್ಗಾವಣೆ ಶುಲ್ಕ ಕೊಟ್ಟಿತೇ ಅಥವಾ ಅವಧಿ ಮುಗಿದು ಬಿಡುಗಡೆಯಾದನೇ, ಕಳೆದ ಋತುವಿನಲ್ಲಿ ಅವನು ಆಡಿದ ನಿಮಿಷಗಳೆಷ್ಟು ಎಂಬುದನ್ನು ಎರಡು ಸಾಲಿನಲ್ಲಾದರೂ ಸೇರಿಸಬೇಕೆಂದು ಕೋರುತ್ತೇನೆ. ಕ್ಲಬ್ ಹೇಳಲು ನಿರಾಕರಿಸಿದರೆ, ನಿರಾಕರಿಸಿತು ಎಂದೇ ಬರೆಯಿರಿ. ದರ್ಶಿನಿಯ ಹುಡುಗರು ಮುಂದಿನ ಸಲ ಜಗಳವಾಡುವಾಗ ಅವರ ಕೈಯಲ್ಲಿ ಅಷ್ಟಾದರೂ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಹಿರಿಯ ಓದುಗ, ಹಲಸೂರು, ಬೆಂಗಳೂರು