ವೆಂಟ್ ಆಫ್ ಅಂದರೆ ಆರಿತೋ, ಹೊಡೆದುಕೊಂಡಿತೋ?

ಗೆಳೆಯಾ,

ಪತ್ರ ಸಿಕ್ಕಿತು. ‘ಗೋ ಗೊತ್ತು, ಆಫ್ ಗೊತ್ತು, ಎರಡೂ ಸೇರಿದ್ರೆ ಮಾತ್ರ ಏನೂ ಗೊತ್ತಾಗಲ್ಲ’ ಅಂತ ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ ಬಗ್ಗೆ, ಅಂದರೆ ಕ್ರಿಯಾಪದಕ್ಕೆ ಪುಟ್ಟ ಪದವೊಂದು ಸೇರಿದ ಜೋಡಿಗಳ ಬಗ್ಗೆ ಬರೆದಿದ್ದೀಯ. ನಿನ್ನ ಸಿಟ್ಟು ನ್ಯಾಯವಾದದ್ದೇ ಮಾರಾಯ. ಲೈಟ್ ‘ವೆಂಟ್ ಆಫ್’ ಅಂದರೆ ಆರಿತು. ಅಲಾರಾಂ ‘ವೆಂಟ್ ಆಫ್’ ಅಂದರೆ ಹೊಡೆದುಕೊಳ್ಳೋಕೆ ಶುರುವಾಯಿತು. ಬಾಂಬ್ ಆದರೆ ಸಿಡಿಯಿತು. ಇಂಗ್ಲೆಂಡಿನವರು ಹಾಲಿನ ಬಗ್ಗೆ ಹಾಗಂದರೆ ಹಾಲು ಕೆಟ್ಟುಹೋಯಿತು! ಇದಕ್ಕೆಲ್ಲ ಒಂದೇ ತರ್ಕ ಹುಡುಕಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. 1755ರಲ್ಲಿ ಇಂಗ್ಲಿಷಿಗೆ ದೊಡ್ಡ ನಿಘಂಟು ಮಾಡಿಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್ನನೇ, ಹೊರಗಿನವರನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇಂಥ ಜೋಡಿಗಳೇ ಅಂತ ಅದರ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ.

ಆದರೂ ಕನ್ನಡದವರಿಗೆ ಇದು ತೀರಾ ಹೊಸದೇನಲ್ಲ. ‘ಅಂಗಡಿ ನೋಡು’ ಅಂದರೆ ಕಣ್ಣು ಹಾಯಿಸಿದರೆ ಸಾಕು. ‘ಅಂಗಡಿ ನೋಡಿಕೋ’ ಅಂದರೆ ಗಲ್ಲಾ ಮುಂದೆ ಕೂರಬೇಕು. ‘ಲುಕ್ ಅಟ್’ಗೂ ‘ಲುಕ್ ಆಫ್ಟರ್’ಗೂ ಇರುವ ವ್ಯತ್ಯಾಸ ಇಷ್ಟೇ ಅಲ್ವಾ? ದೇವಸ್ಥಾನದ ಬಾಗಿಲಲ್ಲಿ ‘ಚಪ್ಪಲಿ ತೆಗಿ’ ಅಂತೀವಿ, ಅದು ‘ಟೇಕ್ ಆಫ್’. ಹೊರಗೆ ಬಂದ ಮೇಲೆ ‘ಚಪ್ಪಲಿ ತಗೋ’ ಅಂತೀವಿ, ಅದು ಬರೀ ‘ಟೇಕ್’. ‘ತಿನ್ನು’ ಅನ್ನುವುದಕ್ಕೆ ‘ಬಿಡು’ ಸೇರಿಸಿ ‘ತಿಂದುಬಿಡು’ ಅಂದರೆ ತಟ್ಟೆ ಖಾಲಿಯಾಗಬೇಕು. ‘ಈಟ್ ಅಪ್’ನಲ್ಲಿ ‘ಅಪ್’ ಮಾಡುವುದೂ ಅದೇ ಕೆಲಸ. ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಕೂಡ ಹಾಗೇ. ಹಾಗಂತ ಎಲ್ಲ ‘ಅಪ್’ಗಳನ್ನೂ ನಂಬಬೇಡ. ‘ಟರ್ನ್ ಅಪ್’ ಅಂದರೆ ಮದುವೆಗೆ ಕರೆಯದ ನೆಂಟ ಬಂದು ನಿಂತ ಹಾಗೆ ಹಾಜರಾಗುವುದು.

ನೀನು ಕೊಂಡಿರುವ, ಇಂಥ ಜೋಡಿಗಳ ಪಟ್ಟಿ ಪುಸ್ತಕವನ್ನು ಪಕ್ಕಕ್ಕಿಡು. ‘ಪುಟ್ ಆಫ್’ ಅಂತ ಒಂಟಿಯಾಗಿ ಉರು ಹೊಡೆದರೆ ನಾಳೆಗೆ ಮರೆಯುತ್ತೆ. ಮೀಟಿಂಗ್ ಜೊತೆ ಕಲಿ, ಮುಂದೂಡುವುದು. ಶರ್ಟ್ ಜೊತೆ ‘ಪುಟ್ ಆನ್’, ಹಾಕಿಕೊಳ್ಳುವುದು. ಬೆಂಕಿ ಜೊತೆ ‘ಪುಟ್ ಔಟ್’, ಆರಿಸುವುದು. ‘ಪುಟ್ ಅಪ್ ವಿತ್’ ಬಂದರೆ ಮೇಲಿನ ಮನೆಯವರ ಗಲಾಟೆ ನೆನೆಸಿಕೋ, ಸಹಿಸಿಕೊಳ್ಳುವುದು.

ಒಂದು ಕಡೆ ಮಾತ್ರ ಹುಷಾರು. ‘ಇಟ್’ ಬಂದಾಗ ‘ಪುಟ್ ಇಟ್ ಆಫ್’ ಅನ್ನಬೇಕು, ‘ಪುಟ್ ಆಫ್ ಇಟ್’ ತಪ್ಪು. ಆದರೆ ‘ಲುಕ್ ಆಫ್ಟರ್ ಇಟ್’ ಸರಿ, ಅಲ್ಲಿ ‘ಇಟ್’ ನಡುವೆ ತೂರುವುದಿಲ್ಲ. ‘ರನ್ ಅಪ್ ಎ ಹಿಲ್’ ಅಂದರೆ ಗುಡ್ಡ ಹತ್ತಿ ಓಡು, ‘ರನ್ ಅಪ್ ಎ ಬಿಲ್’ ಅಂದರೆ ಬಾಕಿ ಬೆಳೆಸು. ಬಿಲ್ಲನ್ನು ‘ರನ್ ಇಟ್ ಅಪ್’ ಅನ್ನಬಹುದು, ಗುಡ್ಡವನ್ನು ಹಾಗನ್ನೋಕಾಗಲ್ಲ. ವ್ಯಾಕರಣ ಓದಿದವರು ಬಿಲ್ಲಿನ ‘ಅಪ್’ ಅನ್ನು ಪ್ರಿಪೊಸಿಷನ್, ಅಂದರೆ ಮುಂದಿನ ನಾಮಪದಕ್ಕೆ ಅಂಟುವ ಪದ ಅಂತ ಒಪ್ಪದಿರುವುದೂ ಇದಕ್ಕೇ. ನಿನಗೆ ಆ ಜಗಳ ಬೇಡ.

ಇನ್ನೊಂದು. ಆಫೀಸ್ ಮೇಲ್‌ಗಳಲ್ಲಿ ‘ಡಿಸ್ಕಸ್ ಅಬೌಟ್’, ‘ಕೋಪ್ ಅಪ್ ವಿತ್’ ಅಂತ ಬರೀತೀಯ. ‘ಅದರ ಬಗ್ಗೆ ಚರ್ಚಿಸು’ ಅನ್ನುವ ಅಭ್ಯಾಸದಿಂದ ‘ಅಬೌಟ್’ ತಾನಾಗೇ ಅಂಟಿಕೊಳ್ಳುತ್ತೆ. ಚರ್ಚಿಸೋಕೆ ‘ಡಿಸ್ಕಸ್’, ನಿಭಾಯಿಸೋಕೆ ‘ಕೋಪ್ ವಿತ್’ ಅಷ್ಟೇ ಸಾಕು.

ಮುಂದಿನ ಸಲ ‘ಲೆಟ್’, ‘ಬ್ರೇಕ್’ ಎರಡನ್ನೂ ಬಿಡಿಸೋಣ. ‘ಗೆಟ್’ ಬಗ್ಗೆ ಮಾತ್ರ ಈಗಲೇ ಕೇಳಬೇಡ. ಅದಕ್ಕೆ ನೀನು ರಜ ಹಾಕಿ ಊರಿಗೇ ಬರಬೇಕು.

ನಿನ್ನ ಗೆಳೆಯ